ಮುಂಬೈಯಲ್ಲಿ ಎಷ್ಟು ಮೊಬೈಲ್ ಇವೆ? ಟೆಲಿಕಾಂ ಲೆಕ್ಕ ಹುಡುಕೋದು ಹೇಗೆ

[ದೃಶ್ಯ: ಡೊಂಬಿವಲಿ ಸ್ಟೇಷನ್, ಬೆಳಗ್ಗೆ 8 ಗಂಟೆ. ಪ್ಲಾಟ್‌ಫಾರ್ಮ್ ತುಂಬ ಜನ, ಎಲ್ಲರ ಕೈಯಲ್ಲೂ ಫೋನ್.]

ನಮಸ್ಕಾರ. ಇಲ್ಲಿ ಕಾಲಿಡಲು ಜಾಗ ಇಲ್ಲ. ಆದರೂ ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಫೋನ್ ಮೇಲೆ. ಇಷ್ಟು ಫೋನ್‌ಗಳನ್ನು ಯಾರು ಎಣಿಸುತ್ತಾರೆ? ಎಣಿಸಿದವರು ಆ ಲೆಕ್ಕವನ್ನು ಎಲ್ಲಿ ಇಡುತ್ತಾರೆ?

ಈ ಪ್ರಶ್ನೆ ನನ್ನ ತಲೆಗೆ ಹಾಕಿದ್ದು ಪುಣೆಯ ಒಬ್ಬ ವಿದ್ಯಾರ್ಥಿನಿ. "ಅಣ್ಣಾ, ಪ್ರಾಜೆಕ್ಟ್‌ಗೆ ಟೆಲಿಕಾಂ ತಗೊಂಡಿದ್ದೀನಿ. ಪುಣೆಯಲ್ಲಿ ಎಷ್ಟು ಮೊಬೈಲ್ ಗ್ರಾಹಕರಿದ್ದಾರೆ ಅಂತ ಹುಡುಕಿದರೆ ಒಂದೊಂದು ಕಡೆ ಒಂದೊಂದು ಲೆಕ್ಕ. ವರದಿ ಕೊಳ್ಳೋಣ ಅಂದ್ರೆ ನನ್ನ ಫೀಸಿಗಿಂತ ಜಾಸ್ತಿ ಕೇಳ್ತಾರೆ" ಅಂದರು.

ತಂಗೀ, ದುಡ್ಡು ಕೊಡಬೇಡ. ಬೇಕಾದ್ದು ಬಹುಪಾಲು ಪುಕ್ಕಟೆಯಾಗಿಯೇ ಇದೆ. ಓದುವ ರೀತಿ ಗೊತ್ತಿರಬೇಕು ಅಷ್ಟೆ.

[ಸ್ಕ್ರೀನ್: ಟ್ರಾಯ್ ವೆಬ್‌ಸೈಟ್]

ಮೊದಲ ಬಾಗಿಲು ಟ್ರಾಯ್. ದೇಶದ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ, 1997ರಲ್ಲಿ ಶುರುವಾಗಿದ್ದು. ಪ್ರತಿ ತಿಂಗಳ ಲೆಕ್ಕವನ್ನೂ ಇದು ಪ್ರಕಟಿಸುತ್ತದೆ: ಯಾವ ಕಂಪನಿಗೆ ಎಷ್ಟು ಗ್ರಾಹಕರು, ಯಾವ ಸರ್ಕಲ್‌ನಲ್ಲಿ ಎಷ್ಟು. ಮೂರು ತಿಂಗಳಿಗೊಮ್ಮೆ ಬರುವ ದೊಡ್ಡ ವರದಿಯಲ್ಲಿ ಒಬ್ಬ ಗ್ರಾಹಕರಿಂದ ಬರುವ ಸರಾಸರಿ ಆದಾಯ, ಡೇಟಾ ಬಳಕೆ ಎಲ್ಲ ಇರುತ್ತದೆ.

ಸರ್ಕಲ್ ಅಂದೆ ಅಲ್ವಾ, ಎಲ್ಲರೂ ಎಡವುವುದು ಅಲ್ಲೇ. ಸರ್ಕಲ್ ಅಂದರೆ ಟೆಲಿಕಾಂ ಸೇವೆಗೆ ಅಂತ ಗೆರೆ ಎಳೆದ ಪ್ರದೇಶ. ಟೆಲಿಕಾಂ ಲೆಕ್ಕದಲ್ಲಿ ದೇಶಕ್ಕೆ 22 ಸರ್ಕಲ್. ಅದು ರಾಜ್ಯಗಳ ನಕ್ಷೆ ಅಲ್ಲ. ಮುಂಬೈ ತಾನೇ ಒಂದು ಸರ್ಕಲ್. ನವಿ ಮುಂಬೈ, ಕಲ್ಯಾಣ್ ಅದರೊಳಗೇ ಬರುತ್ತವೆ. ಹಾಗಾಗಿ ಡೊಂಬಿವಲಿಯವರಾದ ನಾವು ಜಿಲ್ಲೆಯ ಲೆಕ್ಕದಲ್ಲಿ ಠಾಣೆ, ಮೊಬೈಲ್ ಲೆಕ್ಕದಲ್ಲಿ ಮುಂಬೈ. ಪುಣೆ ಇರುವುದು ಮಹಾರಾಷ್ಟ್ರ ಸರ್ಕಲ್‌ನಲ್ಲಿ. ಅದೇ ಸರ್ಕಲ್‌ನೊಳಗೆ ಇಡೀ ಗೋವಾ ಕೂಡ ಇದೆ! ಟ್ರಾಯ್ ಪ್ರತಿ ತಿಂಗಳು ಕೊಡುವ ಲೆಕ್ಕದಲ್ಲಿ ಪುಣೆಗೆ ಬೇರೆ ಸಾಲೇ ಇಲ್ಲ. "ಪುಣೆಯ ಗ್ರಾಹಕರು ಇಷ್ಟು" ಅಂತ ಯಾರಾದರೂ ಬರೆದಿದ್ದರೆ, ಎಲ್ಲಿಂದ ತಂದಿರಿ ಅಂತ ಮೊದಲು ಕೇಳಿ.

ಈಗ ನನಗೆ ತುಂಬ ಇಷ್ಟವಾದ ಜಾಗಕ್ಕೆ ಬರೋಣ. ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ.

[ಸ್ಕ್ರೀನ್: ಎರಡು ಕಾಲಂ ಇರುವ ಕೋಷ್ಟಕ, ಒಂದರ ತಲೆಯ ಮೇಲೆ "ವಿಎಲ್‌ಆರ್"]

ಅದೇ ಪ್ರಕಟಣೆಯಲ್ಲಿ ಗ್ರಾಹಕರ ಸಂಖ್ಯೆ ಎರಡು ಸಲ ಬರುತ್ತದೆ. ಒಂದು ಒಟ್ಟು ಸಂಖ್ಯೆ. ಇನ್ನೊಂದು, ಅದರಲ್ಲಿ ನಿಜವಾಗಿ ಜೀವ ಇರುವವು ಎಷ್ಟು ಅನ್ನುವುದು. ಒಟ್ಟು ಸಂಖ್ಯೆ ಬರುವುದು ಎಚ್‌ಎಲ್‌ಆರ್‌ನಿಂದ, ಅಂದರೆ ಹೋಮ್ ಲೊಕೇಶನ್ ರಿಜಿಸ್ಟರ್. ಜೀವಂತ ಸಂಖ್ಯೆ ಬರುವುದು ವಿಎಲ್‌ಆರ್‌ನಿಂದ, ವಿಸಿಟರ್ ಲೊಕೇಶನ್ ರಿಜಿಸ್ಟರ್.

ಹೆಸರು ನೋಡಿ ಹೆದರಬೇಡಿ. ಊರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾಗುತ್ತದೆ. ಎಚ್‌ಎಲ್‌ಆರ್ ಅಂದರೆ ಊರಿನ ರೇಷನ್ ಕಾರ್ಡ್. ಮಗ ಹೋಟೆಲ್ ಕೆಲಸಕ್ಕೆ ಅಂತ ಕಾರ್ಕಳದಿಂದ ಮುಂಬೈ ಬಸ್ ಹತ್ತಿ ಹತ್ತು ವರ್ಷವಾಗಿರಬಹುದು, ಕಾರ್ಡಿನಲ್ಲಿ ಅವನ ಹೆಸರು ಹಾಗೇ ಇರುತ್ತದೆ. ವಿಎಲ್‌ಆರ್ ಅಂದರೆ ಮಾಟುಂಗದ ಲಾಡ್ಜಿನ ಕೌಂಟರ್ ಮೇಲಿರುವ ಉದ್ದ ರಿಜಿಸ್ಟರ್. ಇವತ್ತು ಯಾರು ಒಳಗಿದ್ದಾರೆ, ಅವರ ಹೆಸರು ಮಾತ್ರ. ಬ್ಯಾಗ್ ಎತ್ತಿಕೊಂಡು ಹೋದರೆ ಹೆಸರು ಕಾಟು. ನಿಮ್ಮ ಫೋನ್ ಆನ್ ಆದ ಕ್ಷಣ ಹತ್ತಿರದ ಟವರ್ ಮೂಲಕ ಈ ಪುಸ್ತಕದಲ್ಲಿ ತನ್ನ ಹೆಸರು ಬರೆಸುತ್ತದೆ. ನೀವು ಯಾರಿಗೂ ಕರೆ ಮಾಡಬೇಕಾಗಿಲ್ಲ.

ಫೋನ್ ಆಫ್ ಆದರೆ? ಹೆಸರು ತಕ್ಷಣ ಅಳಿಸಿ ಹೋಗುವುದಿಲ್ಲ, ಸ್ವಲ್ಪ ಕಾಯುತ್ತಾರೆ. ಎಷ್ಟು ಕಾಯಬಹುದು ಅಂತ ಟ್ರಾಯ್ ಕೊನೆಯ ಪುಟಗಳ ಸಣ್ಣ ಅಕ್ಷರದಲ್ಲಿ ಹೇಳಿದೆ: 72 ಗಂಟೆಗಿಂತ ಜಾಸ್ತಿ ಅಲ್ಲ. ಮೂರು ದಿನ!

[ಮೇಜಿನ ಡ್ರಾಯರ್ ತೆರೆಯುತ್ತೇನೆ. ಹಳೆಯ ಬಟನ್ ಫೋನ್, ರಬ್ಬರ್ ಬ್ಯಾಂಡ್ ಸುತ್ತಿದೆ.]

ಇದು ನಮ್ಮ ಅತ್ತೆಯ ಹಳೆಯ ಫೋನ್. ಹಿಂದಿನ ಮುಚ್ಚಳ ನಿಲ್ಲುವುದಿಲ್ಲ, ಅದಕ್ಕೇ ರಬ್ಬರ್ ಬ್ಯಾಂಡ್. ಬ್ಯಾಂಕ್ ಒಟಿಪಿ ಬೇಕಾದಾಗ ಮಾತ್ರ ಆನ್ ಮಾಡುತ್ತಾರೆ, ಆಮೇಲೆ ಮತ್ತೆ ಡ್ರಾಯರ್‌ಗೆ. ದಿನಾ ಬಳಸುವ ಫೋನ್ ಬೇರೆ ಇದೆ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಅತ್ತೆ ಎರಡು ಗ್ರಾಹಕರು. ಈ ಫೋನ್ ಮೂರು ದಿನ ಡ್ರಾಯರ್‌ನಲ್ಲೇ ಇದ್ದರೆ ಜೀವಂತ ಲೆಕ್ಕದಲ್ಲಿ ಒಬ್ಬರೇ. ಇಂಥ ಡ್ರಾಯರ್ ಎಷ್ಟು ಮನೆಗಳಲ್ಲಿದೆ, ಯೋಚನೆ ಮಾಡಿ. ಎರಡು ಕಾಲಂಗಳ ನಡುವಿನ ಅಂತರದಲ್ಲಿ ಆ ಡ್ರಾಯರ್‌ಗಳೂ ಸೇರಿವೆ.

ಇನ್ನೊಂದು ಸೂಕ್ಷ್ಮ ಇದೆ. ವಿಎಲ್‌ಆರ್ ಲೆಕ್ಕ ಕೊಡುವುದು ಆ ತಿಂಗಳಲ್ಲಿ ಅದು ಅತಿ ಹೆಚ್ಚಿದ್ದ ದಿನದ್ದು. ಲಾಡ್ಜ್ ಪೂರ್ತಿ ತುಂಬಿದ್ದ ರಾತ್ರಿ ಎಣಿಸಿದ ಹಾಗೆ. ಕಂಪನಿಗಳನ್ನು ಹೋಲಿಸುವಾಗ ಒಟ್ಟು ಸಂಖ್ಯೆಯ ಪಕ್ಕ ಈ ಸಂಖ್ಯೆಯನ್ನೂ ಬರೆಯಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದನ್ನೇ ಕೊಟ್ಟರೆ ಓದುಗರಿಗೆ ಅರ್ಧ ಮಾತ್ರ ಹೇಳಿದಂತೆ.

ಸಣ್ಣ ಅಕ್ಷರದ ಇನ್ನೊಂದು ವಿಷಯ. ನೂರು ಜನಕ್ಕೆ ಎಷ್ಟು ಫೋನ್ ಅನ್ನುವ ಕೋಷ್ಟಕದಲ್ಲಿ ದೆಹಲಿ ನೂರನ್ನು ಎಷ್ಟೋ ದಾಟಿ ಮುಂದೆ ಇರುತ್ತದೆ. ದೆಹಲಿ ಸರ್ಕಲ್‌ನ ಫೋನ್‌ಗಳಲ್ಲಿ ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್ ಸೇರಿವೆ. ಜನಸಂಖ್ಯೆ ಮಾತ್ರ ದೆಹಲಿಯದು. ಇಲ್ಲಿ ಮುಂಬೈಯನ್ನು ಹುಡುಕಿದರೆ ಸಿಗುವುದೇ ಇಲ್ಲ, ಮಹಾರಾಷ್ಟ್ರದೊಳಗೆ ಸೇರಿಸಿರುತ್ತಾರೆ. ಜನಸಂಖ್ಯೆಯ ಅಂದಾಜು ರಾಜ್ಯದ ಲೆಕ್ಕದಲ್ಲಿ ಮಾತ್ರ ಸಿಗುವುದೇ ಕಾರಣ.

[ಸ್ಕ್ರೀನ್: 2010ರ 3ಜಿ ಹರಾಜು]

ದೂರಸಂಪರ್ಕ ಇಲಾಖೆಯ ಹರಾಜು ದಾಖಲೆಗಳನ್ನೂ ನೋಡಿ. ಸರ್ಕಲ್ ಗೆರೆಯ ಬೆಲೆ ಏನು ಅಂತ ಅಲ್ಲಿ ಕಾಣುತ್ತದೆ. 2010ರ 3ಜಿ ಹರಾಜಿನಲ್ಲಿ ತರಂಗಾಂತರದ ಒಂದು ಬ್ಲಾಕ್‌ಗೆ ಮುಂಬೈ ಸರ್ಕಲ್‌ನಲ್ಲಿ ಸುಮಾರು 3,247 ಕೋಟಿ ರೂಪಾಯಿ. ಇಡೀ ಕರ್ನಾಟಕಕ್ಕೆ ಸುಮಾರು 1,580 ಕೋಟಿ. ಪುಣೆ, ನಾಗಪುರ, ಗೋವಾ ಎಲ್ಲ ಇರುವ ಮಹಾರಾಷ್ಟ್ರಕ್ಕೆ ಸುಮಾರು 1,258 ಕೋಟಿ. ಆ ಎರಡನ್ನೂ ಕೂಡಿದರೂ ಮುಂಬೈಗೆ ಸಾಟಿಯಾಗುವುದಿಲ್ಲ. ಈ ಲೋಕಲ್ ಟ್ರೈನ್ ಇಷ್ಟೊಂದು ತುಂಬಿರುವಾಗ ಆಶ್ಚರ್ಯವೇನಿಲ್ಲ.

ಮತ್ತೆ ಟ್ರಾಯ್‌ಗೇ ಒಂದು ನಿಮಿಷ. ಹೊಸ ನಿಯಮ ಮಾಡುವ ಮೊದಲು ಅದು ಪ್ರಶ್ನೆಗಳ ಪತ್ರ ಹೊರಡಿಸುತ್ತದೆ. ಕಂಪನಿಗಳು ಉತ್ತರ ಬರೆಯುತ್ತವೆ, ಆಮೇಲೆ ಬೇರೆಯವರ ಉತ್ತರಕ್ಕೆ ಮರು ಉತ್ತರ. ಎಲ್ಲವೂ ವೆಬ್‌ಸೈಟ್‌ನಲ್ಲಿ ಇರುತ್ತದೆ. ಯಾರಿಗೆ ಏನು ಬೇಕು, ಯಾರಿಗೆ ಯಾವುದು ಕಂಟಕ ಅಂತ ಇಷ್ಟು ಬಾಯಿಬಿಟ್ಟು ಹೇಳುವ ಜಾಗ ಇನ್ನೊಂದಿಲ್ಲ. 2015ರ ನೆಟ್ ನ್ಯೂಟ್ರಾಲಿಟಿ ಚರ್ಚೆಯಲ್ಲಿ ಜನರೂ ಲಕ್ಷಗಟ್ಟಲೆ ಇಮೇಲ್ ಕಳಿಸಿದ್ದರು. 2016ರ ಫೆಬ್ರುವರಿಯಲ್ಲಿ ನಿಯಮ ಬಂತು: ಒಂದೊಂದು ವೆಬ್‌ಸೈಟ್‌ಗೆ ಒಂದೊಂದು ಡೇಟಾ ದರ ಹಾಕುವಂತಿಲ್ಲ. ಸಾಮಾನ್ಯ ಜನ ಬರೆದದ್ದನ್ನೂ ಓದುತ್ತಾರೆ. ನೀವೂ ಬರೆಯಿರಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕಂಪನಿಯ ಹಣಕಾಸು ಬೇಕಾದರೆ ದಲಾಲ್ ಸ್ಟ್ರೀಟಿನ ಬಿಎಸ್‌ಇ ವೆಬ್‌ಸೈಟ್. ಏರ್‌ಟೆಲ್, ವೊಡಾಫೋನ್ ಐಡಿಯಾ, ಇಂಡಸ್ ಟವರ್ಸ್‌ನಂಥ ಕಂಪನಿಗಳ ಫಲಿತಾಂಶ ಅಲ್ಲಿದೆ. ಹೂಡಿಕೆದಾರರ ಜೊತೆ ನಡೆದ ಮಾತುಕತೆಯ ಬರಹವನ್ನೂ ತಪ್ಪದೆ ಓದಿ. ಬೇರೆ ದೇಶಗಳ ಹೋಲಿಕೆಗೆ ಐಟಿಯು, 1865ರಿಂದ ಇರುವ ಅಂತಾರಾಷ್ಟ್ರೀಯ ಟೆಲಿಕಾಂ ಸಂಸ್ಥೆ. 5ಜಿ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಬೇಕಾದವರಿಗೆ ಮೊಬೈಲ್ ತಂತ್ರಜ್ಞಾನದ ಮಾನದಂಡ ಬರೆಯುವ 3ಜಿಪಿಪಿ ಅನ್ನುವ ಕೂಟದ ದಾಖಲೆಗಳು, ಪುಕ್ಕಟೆ, ಆದರೆ ತಾಳ್ಮೆ ಬೇಕು. ನಿಮ್ಮ ಬೀದಿಯ ಟವರ್ ನೋಡಲು ಸರ್ಕಾರದ ತರಂಗ್ ಸಂಚಾರ್. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ತಿಳಿಯಲು ಸಂಚಾರ್ ಸಾಥಿ. ಅತ್ತೆಗೆ ಅದನ್ನು ನಾನೇ ತೋರಿಸಿಕೊಟ್ಟೆ.

[ಸ್ಕ್ರೀನ್: ಸಮುದ್ರದೊಳಗಿನ ಕೇಬಲ್ ನಕ್ಷೆ]

ಕೊನೆಯದು ಟೆಲಿಜಿಯೊಗ್ರಫಿ ಅನ್ನುವ ಟೆಲಿಕಾಂ ಸಂಶೋಧನಾ ಕಂಪನಿಯ ಈ ನಕ್ಷೆ. ಬಣ್ಣ ಬಣ್ಣದ ಗೆರೆಗಳೆಲ್ಲ ಸಮುದ್ರದ ತಳದ ಕೇಬಲ್. ಮುಂಬೈಯನ್ನು ದೊಡ್ಡದು ಮಾಡಿ ನೋಡಿ, ಎಷ್ಟೊಂದು ಗೆರೆ ಬಂದು ಸೇರುತ್ತವೆ! ಟ್ರಾಯ್ ಹೇಳುವಂತೆ 2022ರ ಕೊನೆಗೆ ಭಾರತಕ್ಕೆ 17 ಅಂತಾರಾಷ್ಟ್ರೀಯ ಕೇಬಲ್ ಇದ್ದವು, ದಡ ಸೇರುತ್ತಿದ್ದುದು ಐದೇ ಊರಿನಲ್ಲಿ: ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ. ಅಷ್ಟು ಉದ್ದದ ಕಡಲು ಇರುವ ಗೋವಾ ಆ ಪಟ್ಟಿಯಲ್ಲಿಲ್ಲ. ನಮ್ಮ ಮಂಗಳೂರೂ ಇಲ್ಲ.

ಪುಣೆಯ ತಂಗೀ, ನಿನ್ನ ಪ್ರಾಜೆಕ್ಟ್‌ನಲ್ಲಿ "ಪುಣೆ" ತೆಗೆದು "ಗೋವಾ ಸೇರಿದ ಮಹಾರಾಷ್ಟ್ರ ಸರ್ಕಲ್" ಅಂತ ಬರೆ. ಎರಡು ಕಾಲಂ ಹಾಕು, ಒಂದು ಒಟ್ಟು, ಇನ್ನೊಂದು ವಿಎಲ್‌ಆರ್. ಯಾವ ತಿಂಗಳ ಲೆಕ್ಕ ಅಂತಲೂ ಬರೆ. ಮೇಷ್ಟ್ರು ವಿಎಲ್‌ಆರ್ ಅಂದರೇನು ಅಂತ ಕೇಳಿದರೆ ಲಾಡ್ಜಿನ ರಿಜಿಸ್ಟರ್ ಕಥೆ ಹೇಳು.