ಅಂತರ್ಜಲದ ಎಲ್ಲೆಯನ್ನು ಯಾವಾಗ ಬದಲಿಸಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಅವಿಭಜಿತ ಧಾರವಾಡ ಜಿಲ್ಲೆ 1997ರಲ್ಲಿ ಮೂರಾಯಿತು. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದವು. ಅದಾದ ಎರಡು ದಶಕಗಳ ಮೇಲೆ ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿಗಳು ತಾಲೂಕುಗಳಾದವು. ತಹಶೀಲ್ದಾರ ಕಚೇರಿ ಹತ್ತಿರವಾದದ್ದರಿಂದ ಜನರಿಗೆ ಅನುಕೂಲವೇ ಆಯಿತು. ಆದರೆ ತಾಲೂಕಿನ ಗೆರೆಯ ಜೊತೆಗೆ, ಹೆಚ್ಚು ಜನರ ಗಮನಕ್ಕೆ ಬಾರದೆ, ಇನ್ನೊಂದು ಗೆರೆಯೂ ಸರಿಯಿತು. ನಮ್ಮ ರಾಜ್ಯದಲ್ಲಿ ಅಂತರ್ಜಲದ ಲೆಕ್ಕ ಪ್ರಕಟವಾಗುವುದು ತಾಲೂಕುವಾರು. ತಾಲೂಕು ಒಡೆದರೆ ಲೆಕ್ಕವೂ ಒಡೆಯುತ್ತದೆ. ನೆಲದಡಿಯ ನೀರು ಇದ್ದಲ್ಲೇ ಇದ್ದರೂ ಅದರ ಮೇಲಿನ ಊರುಗಳು ಕಾಗದದಲ್ಲಿ ಒಂದು ವರ್ಗದಿಂದ ಮತ್ತೊಂದು ವರ್ಗಕ್ಕೆ ಹೋಗಬಹುದು. ಹಾಗಾದರೆ ಅಂತರ್ಜಲವನ್ನು ನಿರ್ವಹಿಸುವ ಪ್ರದೇಶದ ಎಲ್ಲೆ ಯಾವುದಾಗಿರಬೇಕು, ಒಮ್ಮೆ ಗೊತ್ತುಪಡಿಸಿದ ಎಲ್ಲೆಯನ್ನು ಬದಲಿಸಬೇಕೆಂಬ ಬೇಡಿಕೆ ಬಂದಾಗ ಏನನ್ನು ನೋಡಿ ತೀರ್ಮಾನಿಸಬೇಕು ಎಂಬುದು ಇಂದಿನ ಮಾತು.

ಮೊದಲು ಲೆಕ್ಕದ ಕ್ರಮವನ್ನು ತಿಳಿದುಕೊಳ್ಳೋಣ. ಕೇಂದ್ರ ಅಂತರ್ಜಲ ಮಂಡಳಿ ಮತ್ತು ರಾಜ್ಯದ ಅಂತರ್ಜಲ ನಿರ್ದೇಶನಾಲಯ ಕೂಡಿ, 2015ರಲ್ಲಿ ಪರಿಷ್ಕರಿಸಿದ ವಿಧಾನದ ಪ್ರಕಾರ, ಮಳೆಯಿಂದ, ಕಾಲುವೆ ಮತ್ತು ಕೆರೆಗಳಿಂದ, ಹೊಲಕ್ಕೆ ಹಾಯಿಸಿದ ನೀರಿನಿಂದ ವರ್ಷಕ್ಕೆ ಎಷ್ಟು ನೀರು ನೆಲದೊಳಗೆ ಇಂಗುತ್ತದೆ ಎಂದು ಅಂದಾಜು ಮಾಡುತ್ತವೆ. ತಾನಾಗಿ ಹಳ್ಳಗಳಿಗೆ ಹರಿದುಹೋಗುವ ಪಾಲನ್ನು ಬಿಟ್ಟು, ಉಳಿದದ್ದರಲ್ಲಿ ನಾವು ಎತ್ತುವುದು ನೂರಕ್ಕೆ ಎಷ್ಟು ಎಂದು ನೋಡುತ್ತವೆ. 70ರವರೆಗೆ ಸುರಕ್ಷಿತ, 70ರಿಂದ 90 ಅರೆ ಕ್ಲಿಷ್ಟಕರ, 90ರಿಂದ 100 ಕ್ಲಿಷ್ಟಕರ, 100 ದಾಟಿದರೆ ಅತಿಬಳಕೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯ ಅಡಿಯಲ್ಲಿ ಒಂದು ಪ್ರದೇಶವನ್ನು ಅಧಿಸೂಚಿತವೆಂದು ಸಾರಿದರೆ ಅಲ್ಲಿ ಇರುವ ಬಾವಿಗಳನ್ನು ನೋಂದಾಯಿಸಬೇಕು, ಹೊಸ ಕೊಳವೆಬಾವಿ ಕೊರೆಯಲು ಅನುಮತಿ ಪಡೆಯಬೇಕು. ಆದ್ದರಿಂದ ಒಂದು ಊರು ಗೆರೆಯ ಈಚೆಗಿದೆಯೋ ಆಚೆಗಿದೆಯೋ ಎಂಬುದು ಬರೀ ನಕ್ಷೆಯ ವಿಷಯವಲ್ಲ. ಬೋರ್ ಗಾಡಿ ಹೊಲಕ್ಕೆ ಬರಬಹುದೇ ಬಾರದೇ ಎಂಬ ವಿಷಯ.

ಇದೇ ವಿಧಾನವು ನಮ್ಮಂಥ ಗಟ್ಟಿ ಕಲ್ಲಿನ ನಾಡಿನಲ್ಲಿ ಲೆಕ್ಕದ ಮೂಲ ಘಟಕ ಜಲಾನಯನವಾಗಿರಬೇಕೆಂದು ಹೇಳುತ್ತದೆ. ಅಂದರೆ ಒಂದು ಹಳ್ಳಕ್ಕೆ ನೀರು ಹರಿಸುವ ಇಡೀ ಇಳಿಜಾರು, ಸುತ್ತಲಿನ ದಿಣ್ಣೆಗಳ ನೆತ್ತಿಯವರೆಗೆ. ಕಾಲುವೆ ನೀರಾವರಿಯ ಅಚ್ಚುಕಟ್ಟು ಪ್ರದೇಶವನ್ನು ಬೇರೆಯಾಗಿಯೂ, ನೀರಿನ ಗುಣ ಕೆಟ್ಟಿರುವ ಪ್ರದೇಶವನ್ನು ಬೇರೆಯಾಗಿಯೂ ಎಣಿಸಬೇಕೆಂದೂ ಹೇಳುತ್ತದೆ. ನೆರೆಯ ಮಹಾರಾಷ್ಟ್ರವು ತನ್ನ ನೆಲವನ್ನು 1500ಕ್ಕೂ ಹೆಚ್ಚು ಜಲಾನಯನಗಳಾಗಿ ವಿಂಗಡಿಸಿ ಅಂತರ್ಜಲವನ್ನು ಅಳೆಯುತ್ತ ಬಂದಿದೆ. ನಮ್ಮಲ್ಲಿ ಎಲ್ಲವೂ ಕೊನೆಗೆ ತಾಲೂಕಿನ ಒಂದೇ ಅಂಕಿಯಾಗಿ ಹೊರಬರುತ್ತದೆ, ಮತ್ತು ಪತ್ರಿಕೆಯಲ್ಲಿ, ಸಭೆಯಲ್ಲಿ, ಅರ್ಜಿಯಲ್ಲಿ ಓಡಾಡುವುದು ಆ ಒಂದೇ ಅಂಕಿ.

ಅದು ಏನನ್ನು ಮರೆಮಾಡುತ್ತದೆ ಎಂಬುದನ್ನು ಗದಗ ಜಿಲ್ಲೆಯಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳ ವಿರಳ. ಜಿಲ್ಲೆಯ ಉತ್ತರದ ಹಳ್ಳಗಳು ಮಲಪ್ರಭೆಗೆ, ದಕ್ಷಿಣದವು ತುಂಗಭದ್ರೆಗೆ ಹರಿಯುತ್ತವೆ. ಉತ್ತರದಲ್ಲಿ ನರಗುಂದ, ರೋಣಗಳ ಎರೆ ಭೂಮಿ. ಒಮ್ಮೆ ಹಸಿಯಾಗಿ ಉಬ್ಬಿತೆಂದರೆ ಎರೆ ಮಣ್ಣು ನೀರನ್ನು ಕೆಳಕ್ಕೆ ಬಿಡುವುದು ಬಹಳ ಕಡಿಮೆ. ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭಾ ಬಲದಂಡೆ ಕಾಲುವೆ ನೀರುಣಿಸುವ ಕಡೆಗಳಲ್ಲಿ ನೆಲದಡಿಯ ನೀರು ಮೇಲಕ್ಕಿದ್ದರೂ ಅನೇಕ ಕಡೆ ಸವಳು; ಅದನ್ನು ಎತ್ತಿ ಬೆಳೆಗೆ ಕೊಡಲು ರೈತರು ಹಿಂಜರಿಯುತ್ತಾರೆ. ದಕ್ಷಿಣಕ್ಕೆ ಬಂದರೆ ಮಸಾರಿ ಭೂಮಿ, ಕಪ್ಪತಗುಡ್ಡ, ಗುಡ್ಡದ ಬುಡದಲ್ಲಿ ಕೊಳವೆಬಾವಿಯನ್ನೇ ನಂಬಿದ ತೋಟಗಳು. ಕಪ್ಪತಗುಡ್ಡದ ಕಲ್ಲಿನ ಪಟ್ಟಿ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳ ಗಡಿಗಳನ್ನು ಲೆಕ್ಕಿಸದೆ ಉದ್ದಕ್ಕೆ ಹಾಯ್ದುಹೋಗಿದೆ.

ಈಗ ಒಂದು ಕಲ್ಪಿತ ತಾಲೂಕನ್ನು ತೆಗೆದುಕೊಳ್ಳಿ. ಅದರ ಉತ್ತರ ಭಾಗದಲ್ಲಿ ವರ್ಷಕ್ಕೆ ಎತ್ತಬಹುದಾದ ನೀರು 60 ಪಾಲು, ಎತ್ತುತ್ತಿರುವುದು 24. ದಕ್ಷಿಣ ಭಾಗದಲ್ಲಿ ಎತ್ತಬಹುದಾದದ್ದು 40 ಪಾಲು, ಎತ್ತುತ್ತಿರುವುದು 56. ಕೂಡಿಸಿದರೆ ನೂರಕ್ಕೆ 80; ತಾಲೂಕು ಅರೆ ಕ್ಲಿಷ್ಟಕರ. ನಡುವೆ ಗೆರೆ ಎಳೆದರೆ ಉತ್ತರ ನೂರಕ್ಕೆ 40ರ ಸುರಕ್ಷಿತ ಪ್ರದೇಶ, ದಕ್ಷಿಣ ನೂರಕ್ಕೆ 140ರ ಅತಿಬಳಕೆಯ ಪ್ರದೇಶ. ಗೆರೆ ಎಳೆದದ್ದು ಸರಿಯೇ ತಪ್ಪೇ?

ಅಂಕಿಗಳನ್ನಷ್ಟೇ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಉತ್ತರ ಭಾಗ ಕಾಲುವೆಯ ಸವಳು ನೀರಿನ ಎರೆ ನೆಲವಾಗಿದ್ದು, ಅಲ್ಲಿನ ನೀರು ಬೇರೊಂದು ನದಿಯ ಕಡೆಗೆ ಸಾಗುತ್ತಿದ್ದರೆ, ಅದನ್ನು ದಕ್ಷಿಣದ ಲೆಕ್ಕಕ್ಕೆ ಸೇರಿಸಿದ್ದೇ ತಪ್ಪು. ಗೆರೆ ಎಳೆದಾಗ ದಕ್ಷಿಣದ ಕೊರತೆ ಬೆಳಕಿಗೆ ಬಂತು. ಆದರೆ ಉತ್ತರ ಭಾಗ ದಿಣ್ಣೆಯ ಮೇಲ್ಮಗ್ಗುಲಾಗಿದ್ದು, ಅಲ್ಲಿ ಇಂಗಿದ ನೀರೇ ನಿಧಾನವಾಗಿ ಕೆಳಗಿನ ದಕ್ಷಿಣದ ಬಾವಿಗಳಿಗೆ ಇಳಿಯುತ್ತಿದ್ದರೆ, ಅದೇ ಗೆರೆ ಅನಾಹುತಕ್ಕೆ ದಾರಿ. ಮೇಲಿನವರಿಗೆ ಸುರಕ್ಷಿತವೆಂಬ ಹಣೆಪಟ್ಟಿ ಸಿಕ್ಕು ಹೊಸ ಕೊಳವೆಬಾವಿಗಳು ಬರುತ್ತವೆ. ಅವು ಎತ್ತುವ ನೀರು ಕೆಳಗಿನವರ ಪಾಲಿನದು. ಕೆಳಗಿನವರು ತಮ್ಮ ಬಳಕೆಯನ್ನು ಎಷ್ಟು ಇಳಿಸಿದರೂ ಮಟ್ಟ ಏರುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಅಂಕಿ ಒಂದೇ, ತೀರ್ಪು ಮಾತ್ರ ಪೂರಾ ವಿರುದ್ಧ. ಗೆರೆಯ ಎರಡು ಬದಿಯ ನೀರಿಗೆ ನೆಲದಡಿಯಲ್ಲಿ ಸಂಬಂಧವಿದೆಯೇ ಎಂಬುದನ್ನು ಮೊದಲು ತಿಳಿಯದೆ, ವರ್ಗ ಬದಲಾಗುತ್ತದೆಂಬ ಕಾರಣಕ್ಕೆ ಎಲ್ಲೆಯನ್ನು ಬದಲಿಸಲಾಗದು ಎಂಬುದೇ ನನ್ನ ವಾದ.

ನಮ್ಮ ಕಡೆಯ ಮನೆತನಗಳಲ್ಲಿ ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಪಾಲಾಗುತ್ತದೆ, ಬಾವಿ ಪಾಲಾಗುವುದಿಲ್ಲ. ಯಾರಿಗೆ ಯಾವ ದಿನ ನೀರಿನ ಪಾಳಿ ಎಂದು ವಾಟ್ನಿ ಪತ್ರದಲ್ಲಿಯೇ ಬರೆಯುತ್ತಾರೆ. ತೆರೆದ ಬಾವಿಯ ಕಾಲದಲ್ಲಿ ಅದು ಸುಲಭವಾಗಿತ್ತು, ಏಕೆಂದರೆ ನೀರು ಕಣ್ಣಿಗೆ ಕಾಣುತ್ತಿತ್ತು. ಗದಗಿನ ಪಕ್ಕದ ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಹೆಸರೇ ಇದೆ. ಅಲ್ಲಿನ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿಯುವವರಿಗೆ ನೀರು ಎಷ್ಟು ಮೆಟ್ಟಿಲು ಕೆಳಗೆ ಹೋಗಿದೆ ಎಂದು ತಿಳಿಯಲು ಯಾವ ಇಲಾಖೆಯ ವರದಿಯೂ ಬೇಕಿರಲಿಲ್ಲ. ಕೊಳವೆಬಾವಿಯಲ್ಲಿ ಕಾಣುವುದು ಕೇಸಿಂಗ್ ಪೈಪಿನ ಬಾಯಿ ಮಾತ್ರ.

ಎಲ್ಲೆ ಬದಲಾವಣೆಯ ಪ್ರಶ್ನೆಯನ್ನು ಕಾನೂನಿನ ಕ್ರಮಕ್ಕೆ ತಂದಿರುವ ನಾಡೊಂದನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2014ರಲ್ಲಿ ಸುಸ್ಥಿರ ಅಂತರ್ಜಲ ನಿರ್ವಹಣಾ ಕಾಯ್ದೆಯನ್ನು ಮಾಡಿತು. ಬುಲೆಟಿನ್ 118 ಎಂಬ ಸರಕಾರಿ ದಾಖಲೆಯಲ್ಲಿ ಅಲ್ಲಿನ ಸುಮಾರು 515 ಅಂತರ್ಜಲ ಪ್ರದೇಶಗಳ ಎಲ್ಲೆಗಳಿವೆ. ಅವುಗಳ ಪೈಕಿ ಮುಖ್ಯವಾದವುಗಳಲ್ಲಿ ಸ್ಥಳೀಯ ಸಂಸ್ಥೆಗಳು ಯೋಜನೆ ರೂಪಿಸಿ, ತೀರ ಬರಿದಾಗುತ್ತಿರುವ ಕಡೆಗಳಲ್ಲಿ 2040ರೊಳಗೆ, ಉಳಿದ ಕಡೆ 2042ರೊಳಗೆ ನೀರಿನ ಆಯವ್ಯಯವನ್ನು ಸರಿದೂಗಿಸಬೇಕು. ಹೊಣೆ ಹೀಗೆ ಬಿಗಿಯಾದ ಕೂಡಲೇ ಸಹಜವಾಗಿ ನಮ್ಮ ಎಲ್ಲೆ ಸರಿಯಿಲ್ಲ ಎಂಬ ಅರ್ಜಿಗಳು ಹೊರಟವು; 2016ರ ಮೊದಲ ಸುತ್ತಿನಲ್ಲೇ 50ಕ್ಕೂ ಹೆಚ್ಚು. ಎಲ್ಲವೂ ಮಂಜೂರಾಗಲಿಲ್ಲ. ಅರ್ಜಿಗಳನ್ನು ಅಲ್ಲಿ ಎರಡು ಬಗೆಯಾಗಿ ನೋಡುತ್ತಾರೆ. ಭೂರಚನೆಯ ಆಧಾರದ ಮೇಲೆ ಕೇಳುವವರು ನೀರನ್ನು ತಡೆಯುವ ಶಿಲೆಯೋ ಬಿರುಕೋ ಅಲ್ಲಿದೆ ಎಂದು ತೋರಿಸಬೇಕು. ಆಡಳಿತದ ಅನುಕೂಲಕ್ಕಾಗಿ ಕೇಳುವವರು ಬದಲಾವಣೆಯಿಂದ ನಿರ್ವಹಣೆ ಸುಧಾರಿಸುತ್ತದೆ, ನೆರೆಯ ಪ್ರದೇಶದ ಪ್ರಯತ್ನಕ್ಕೆ ಧಕ್ಕೆಯಾಗುವುದಿಲ್ಲ ಎಂದು ತೋರಿಸಬೇಕು. ಎರಡರಲ್ಲಿಯೂ ಬಾಧಿತರಾಗುವ ಸಂಸ್ಥೆಗಳಿಗೆ ಮೊದಲೇ ತಿಳಿಸಬೇಕು, ಸಾರ್ವಜನಿಕರ ಆಕ್ಷೇಪಗಳಿಗೆ ಅವಕಾಶವಿರಬೇಕು. ರುಜುವಾತಿನ ಭಾರ ಕೇಳುವವನ ಮೇಲೆ ಎಂಬ ಅಂಶ ನನಗೆ ಬಹಳ ಸರಿಯೆನಿಸುತ್ತದೆ.

ಹಾಗೆಂದು ಅಲ್ಲಿನದನ್ನೆಲ್ಲ ಇಲ್ಲಿಗೆ ತರಲಾಗದು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ನೀರಿರುವುದು ಬಹಳ ಆಳದ ಮೆಕ್ಕಲು ಮಣ್ಣಿನ ಪದರಗಳಲ್ಲಿ. ಅತಿಯಾಗಿ ಎತ್ತಿದ ಕಾರಣ 20ನೆಯ ಶತಮಾನದಲ್ಲಿ ಅಲ್ಲಿನ ಒಂದು ಭಾಗದಲ್ಲಿ ನೆಲವೇ ಸುಮಾರು 28 ಅಡಿ ಕುಸಿಯಿತು. ನಮ್ಮಲ್ಲಿ ನೀರಿರುವುದು ಮೇಲಿನ ಶಿಥಿಲ ಶಿಲೆಯ ಪದರದಲ್ಲಿ ಮತ್ತು ಅದರ ಕೆಳಗಿನ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ. ನೆಲ ಕುಸಿಯುವುದಿಲ್ಲ, ಆದರೆ ಸಂಗ್ರಹವೇ ಚಿಕ್ಕದು. ಒಂದೆರಡು ಬರಗಾಲದಲ್ಲಿ ಬರಿದಾಗುತ್ತದೆ, ಒಂದು ಒಳ್ಳೆಯ ಮಳೆಗಾಲದಲ್ಲಿ ಬಹುಪಾಲು ತುಂಬಿಕೊಳ್ಳುತ್ತದೆ. ಹೀಗಾಗಿ ನಮಗೆ ದೊಡ್ಡ ಘಟಕಕ್ಕಿಂತ ಚಿಕ್ಕ ಜಲಾನಯನವೇ ಹೆಚ್ಚು ಹೊಂದುತ್ತದೆ.

ಶಿಥಿಲ ಪದರದಲ್ಲಿ ನೆಲದ ಮೇಲಿನ ದಿಣ್ಣೆಯೂ ನೆಲದಡಿಯ ನೀರಿನ ದಿಣ್ಣೆಯೂ ಸಾಮಾನ್ಯವಾಗಿ ಒಂದೇ ಕಡೆ ಇರುತ್ತವೆ. ಧಾರವಾಡ ಊರೇ ಅಂಥ ದಿಣ್ಣೆಯ ಮೇಲಿದೆ: ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣ ಕಡಲಿನ ಕಡೆಗೆ ಹೋದರೆ, ಪೂರ್ವದ ಹಳ್ಳಗಳು ಮಲಪ್ರಭೆಯ ಮೂಲಕ ಕೃಷ್ಣೆಯನ್ನು ಸೇರುತ್ತವೆ. ಆದರೆ ಕೊಳವೆಬಾವಿಗಳು ಆಳಕ್ಕೆ ಇಳಿದಷ್ಟೂ ಈ ನಿಯಮ ಸಡಿಲವಾಗುತ್ತದೆ. ಆಳದ ಬಿರುಕೊಂದು ದಿಣ್ಣೆಯ ಕೆಳಗೇ ಹಾಯ್ದು ಆಚೆಯ ನೀರನ್ನು ಈಚೆಗೆ ತರಬಹುದು. ಕಲ್ಲಿನೊಳಗೆ ಗೋಡೆಯಂತೆ ನಿಂತ ಡೈಕ್ ಒಂದು ಒಂದೇ ಹಳ್ಳದ ನೀರನ್ನು ಎರಡಾಗಿ ತಡೆಯಬಹುದು. ಒಂದು ಬದಿಯಲ್ಲಿ ಮಿತಿಮೀರಿ ಪಂಪು ಮಾಡಿದರೆ ನೆಲದಡಿಯ ದಿಣ್ಣೆಯೇ ಆಚೆಗೆ ಸರಿಯುತ್ತದೆ. ಅಂಥ ಸರಿತವನ್ನು ಆಧಾರವಾಗಿಟ್ಟುಕೊಂಡು ಎಲ್ಲೆಯನ್ನು ಸರಿಸುವುದೆಂದರೆ ಒತ್ತುವರಿಯನ್ನು ಸಕ್ರಮ ಮಾಡಿದ ಹಾಗೆ.

ಆದ್ದರಿಂದ ಪುರಾವೆ ಬರಬೇಕಾದದ್ದು ಬಾವಿಗಳಿಂದಲೇ. ಉದ್ದೇಶಿತ ಗೆರೆಯ ಎರಡೂ ಬದಿಯಲ್ಲಿ ಕೆಲವು ವೀಕ್ಷಣಾ ಬಾವಿಗಳನ್ನು ಗೊತ್ತುಮಾಡಿ, ಮುಂಗಾರಿಗೆ ಮುಂಚೆ ಮೇ ತಿಂಗಳಿನಲ್ಲಿಯೂ ಹಿಂಗಾರು ಮುಗಿಯುತ್ತ ಬಂದಾಗ ನವೆಂಬರಿನಲ್ಲಿಯೂ ಅಳೆಯಬೇಕು. ಒಂದು ವರ್ಷದ ಅಳತೆ ಸಾಲದು, ಬರದ ವರ್ಷವೂ ಮಳೆಯ ವರ್ಷವೂ ಅದರಲ್ಲಿ ಸಿಗಬೇಕು. ಅಳತೆಯ ಕೆಲಸ ಸರಳ. ಟೇಪಿನ ತುದಿಗೆ ಸೀಮೆಸುಣ್ಣ ಹಚ್ಚಿ ಬಾವಿಗೆ ಬಿಟ್ಟರೆ ಒದ್ದೆಯಾದ ಗುರುತು ಮಟ್ಟವನ್ನು ಹೇಳುತ್ತದೆ. ಕಷ್ಟವಿರುವುದು ಸಮಯದಲ್ಲಿ: ತ್ರೀ ಫೇಸ್ ಕರೆಂಟ್ ಬಂದು ಸುತ್ತಲಿನ ಪಂಪ್‌ಸೆಟ್‌ಗಳು ಓಡುತ್ತಿರುವಾಗ ತೆಗೆದ ಅಳತೆ ಸುಳ್ಳು. ಪಂಪುಗಳು ನಿಂತು ಕೆಲವು ತಾಸು ಕಳೆದು, ನೀರು ತನ್ನ ಮಟ್ಟಕ್ಕೆ ಬಂದ ಮೇಲೆ ಅಳೆಯಬೇಕು. ಹೀಗೆ ಅಳೆದಾಗ ಎರಡೂ ಬದಿಯ ಬಾವಿಗಳು ಕೂಡಿಯೇ ಇಳಿದು ಕೂಡಿಯೇ ಏರುತ್ತಿದ್ದರೆ ಗೆರೆಗೆ ಆಧಾರ ಸಿಗಲಿಲ್ಲವೆಂದೇ ಅರ್ಥ, ಏಕೆಂದರೆ ಹಾಗೆ ಆಗುವುದು ಒಂದೇ ಮಳೆಯಿಂದಲೂ ಇರಬಹುದು, ಒಂದೇ ನೀರಿನಿಂದಲೂ ಇರಬಹುದು. ಆಗ ಒಂದು ಬದಿಯಲ್ಲಿ ಒಂದೆರಡು ದಿನ ಸತತವಾಗಿ ಪಂಪು ಓಡಿಸಿ ಆಚೆ ಬದಿಯ ಬಾವಿಯನ್ನು ಗಮನಿಸಬೇಕು.

ಅವಿಭಜಿತ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ರೈತರೇ ಮಳೆಯನ್ನೂ ಬಾವಿಯ ಮಟ್ಟವನ್ನೂ ಅಳೆದು, ಹಳ್ಳದ ಜಲಾನಯನವನ್ನು ಘಟಕವಾಗಿಟ್ಟುಕೊಂಡು, ಹಿಂಗಾರು ಬಿತ್ತನೆಗೆ ಮುಂಚೆ ನೀರಿನ ಬಜೆಟ್ ಮಾಡಿದರು. ಇದು ನಮ್ಮ ರೈತರಿಗೂ ಆಗದ ಕೆಲಸವೇನಲ್ಲ.

ಆಡಳಿತದ ಕಡೆಯಿಂದ ಬರುವ ಆಕ್ಷೇಪವೂ ಹಗುರವಾದದ್ದಲ್ಲ. ಪಂಚಾಯಿತಿ, ಕಂದಾಯ, ಕೃಷಿ ಇಲಾಖೆ, ವಿದ್ಯುತ್ ಸಂಪರ್ಕ ಎಲ್ಲವೂ ತಾಲೂಕಿನ ಚೌಕಟ್ಟಿನಲ್ಲಿವೆ. ಹಳ್ಳದ ಎಲ್ಲೆಗೆ ಯಾವ ಅಧಿಕಾರಿಯೂ ಇಲ್ಲ. ಎಲ್ಲೆಯನ್ನು ಪದೇ ಪದೇ ಬದಲಿಸಿದರೆ ಹಿಂದಿನ ಅಂಕಿಅಂಶಗಳನ್ನು ಇಂದಿನವುಗಳ ಜೊತೆ ಹೋಲಿಸಲಾಗದು, ಮಟ್ಟ ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದೇ ತಿಳಿಯದೆ ಹೋಗುತ್ತದೆ. ಆದ್ದರಿಂದ ತಾಲೂಕಿನ ಗೆರೆಗಳನ್ನು ಅವುಗಳ ಪಾಡಿಗೆ ಬಿಟ್ಟು, ಅಂತರ್ಜಲದ ಲೆಕ್ಕವನ್ನೂ ಅನುಮತಿಯನ್ನೂ ಮಾತ್ರ ಜಲಾನಯನದ ಮೇಲೆ ನಿಲ್ಲಿಸುವುದು ಮೇಲು. ಒಂದು ಜಲಾನಯನ ಎರಡು ತಾಲೂಕುಗಳಲ್ಲಿ ಹರಡಿದ್ದರೆ ಎರಡೂ ಕಡೆಯವರು ಕೂಡಿ ಕೂರಬೇಕು. ಎರಡು ಜಿಲ್ಲೆಗಳಲ್ಲಿ ಹರಡಿದ್ದರೆ ಇಬ್ಬರು ಜಿಲ್ಲಾಧಿಕಾರಿಗಳು. ಎರಡು ಘಟಕಗಳನ್ನು ಕೂಡಿಸಬೇಕೆಂಬ ಅರ್ಜಿಯನ್ನು ಸ್ವಲ್ಪ ಉದಾರವಾಗಿಯೇ ನೋಡಬಹುದು, ಏಕೆಂದರೆ ಕೂಡಿಸಿದ ಮೇಲೂ ಒಳಗಿನ ಭಾಗಗಳ ಲೆಕ್ಕವನ್ನು ಬೇರೆಯಾಗಿ ಇಡಲು ಸಾಧ್ಯವಿದೆ. ಒಡೆಯಬೇಕೆಂಬ ಅರ್ಜಿಗೆ ಕೈ ಬಿಗಿಯಾಗಿರಬೇಕು.

ಮತ್ತು ಅಂಥ ಅರ್ಜಿ ಜಿಲ್ಲಾ ಸಮಿತಿಯ ಮುಂದೆ ಬಂದಾಗ ನಕ್ಷೆ, ಬಾವಿಗಳ ಅಳತೆಯ ಪಟ್ಟಿ, ಪಂಪು ಓಡಿಸಿ ನೋಡಿದ ದಾಖಲೆ ಇವುಗಳ ಜೊತೆಗೆ ಗೆರೆಯಾಚೆಯ ಗ್ರಾಮ ಪಂಚಾಯಿತಿಗಳ ಠರಾವೂ ಲಗತ್ತಾಗಿರಬೇಕು. ಒಪ್ಪಿಗೆಯ ಠರಾವಾಗಲಿ ವಿರೋಧದ ಠರಾವಾಗಲಿ ಚಿಂತೆಯಿಲ್ಲ. ಅದಿಲ್ಲದ ಅರ್ಜಿಯನ್ನು ಸಮಿತಿ ಅಲ್ಲಿಂದಲೇ ಹಿಂದಿರುಗಿಸುವುದು ನ್ಯಾಯ. ನಮಸ್ಕಾರ.