ಡ್ರೋನ್ ಹಾರುವ ಜಾಗದಲ್ಲೇ ಆಪರೇಷನ್ ಸಾಮಾನು ಶುದ್ಧ ಮಾಡುವ ಪೆಟ್ಟಿಗೆಯನ್ನೂ ಪರೀಕ್ಷಿಸಿ

ಎಲ್ಲರಿಗೂ ನಮಸ್ಕಾರ, ಚಿತ್ರದುರ್ಗದಿಂದ ಮಾತಾಡುತ್ತಿದ್ದೇನೆ. ನಮ್ಮ ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಡ್ರೋನ್ ಹಾರಿಸಿ ನೋಡುತ್ತದೆ. ಅದು ನಮಗೆಲ್ಲ ಹೆಮ್ಮೆ. ಆದರೆ ಗಾಯಗೊಂಡ ಸೈನಿಕನಿಗೆ ಗಡಿಯಲ್ಲೇ ಆಪರೇಷನ್ ಮಾಡಬೇಕಾದರೆ, ಆ ಕತ್ತರಿ, ಚಿಮುಟ ಹೇಗೆ ಶುದ್ಧವಾಗುತ್ತವೆ? ಇದನ್ನು ಯಾರೂ ಕೇಳುವುದಿಲ್ಲ.

ನೀರಲ್ಲಿ ಕುದಿಸಿದರೆ ಸಾಕಲ್ವಾ ಅನ್ನಬಹುದು. ಸಾಲದು. ಧನುರ್ವಾಯು, ಗ್ಯಾಸ್ ಗ್ಯಾಂಗ್ರೀನ್ ತರುವ ಬ್ಯಾಕ್ಟೀರಿಯಾ ಮಣ್ಣಲ್ಲೇ ಇರುತ್ತವೆ. ಗಟ್ಟಿ ಕವಚ ಕಟ್ಟಿಕೊಂಡು ಬೀಜಕಗಳಾಗಿ ಕೂರುತ್ತವೆ. ಕುದಿಯುವ ನೀರಿಗೆ ಅವೆಲ್ಲ ಸಾಯುತ್ತವೆ ಅಂತ ನಂಬುವ ಹಾಗಿಲ್ಲ. ಅದಕ್ಕೇ ಆಟೋಕ್ಲೇವ್. ಒತ್ತಡದ ಹಬೆ, 121 ಡಿಗ್ರಿ, ಬಟ್ಟೆ ಸುತ್ತಿದ ಸಾಮಾನಿಗೆ ಸುಮಾರು 30 ನಿಮಿಷ. ಅದಕ್ಕೂ ಮೊದಲು ರಕ್ತದ ಕಲೆ ಪೂರ್ತಿ ತೊಳೆದಿರಬೇಕು. ಒಣಗಿದ ರಕ್ತದ ಅಡಿಯಲ್ಲಿ ಕ್ರಿಮಿ ಉಳಿದುಬಿಡುತ್ತದೆ.

ಈಗ ಅದೇ ಆಟೋಕ್ಲೇವನ್ನು ಲೇಹ್‌ಗೆ ಒಯ್ಯಿರಿ. ಸುಮಾರು 3500 ಮೀಟರ್ ಎತ್ತರ. ಅಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಅಳೆಯುವ ಗೇಜಿನ ಮುಳ್ಳು ಎಂದಿನಂತೆ 15 ಪೌಂಡ್ ತೋರಿಸಿದರೂ ಒಳಗಿನ ಹಬೆ 115 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೊರಗಿನ ಗಾಳಿಗಿಂತ ಒತ್ತಡ ಎಷ್ಟು ಜಾಸ್ತಿ ಅಂತಷ್ಟೇ ಗೇಜ್ ಹೇಳುತ್ತದೆ. ಅಲ್ಲಿ ಹೊರಗಿನ ಗಾಳಿಯೇ ತೆಳು. ಸುಮ್ನೆ ಮುಳ್ಳು ನೋಡಿ ಇಳಿಸಿದರೆ ಅಪಾಯ ಸೈನಿಕನಿಗೆ. ಉಷ್ಣತೆ ನೋಡಬೇಕು, ಬಟ್ಟೆ ಗಂಟಿನೊಳಗೆ, ಹಬೆ ಸರಿಯಾಗಿ ತಾಗಿದರೆ ಬಣ್ಣ ಬದಲಿಸುವ ಇಂಡಿಕೇಟರ್ ಪಟ್ಟಿ ಇಡಲೇಬೇಕು.

ಇನ್ನು ಕರೆಂಟ್. ಜನರೇಟರ್, ಡೀಸೆಲ್ ಎಲ್ಲ ಬೆಟ್ಟಕ್ಕೆ ಹೊರಬೇಕು. ಅಮೆರಿಕ ಸೇನೆಯ ನ್ಯಾಟಿಕ್ ಪ್ರಯೋಗಾಲಯದವರು ಇದಕ್ಕೆ ಸೂಟ್‌ಕೇಸಿನಂಥ ಪೆಟ್ಟಿಗೆ ಮಾಡಿದ್ದಾರೆ. ರಾಸಾಯನಿಕ ಬೆರೆಸಿದರೆ ಕ್ಲೋರಿನ್ ಡೈಆಕ್ಸೈಡ್ ಹುಟ್ಟಿ ಬೀಜಕಗಳನ್ನು ಕೊಲ್ಲುತ್ತದೆ. ಕರೆಂಟೇ ಬೇಡ. ಆ ಅನಿಲ ಉಸಿರಿಗೆ ಹೋದರೆ ವಿಷ, ಮುಚ್ಚಳ ಬಿಗಿಯಾಗಿರಬೇಕು ನಿಜ. ಆದರೂ ಈ ದಾರಿ ನನಗೆ ಸರಿ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಡಿಆರ್‌ಡಿಒದ್ದೇ ವೈದ್ಯಕೀಯ ಉಪಕರಣಗಳ ಪ್ರಯೋಗಾಲಯ ಡೆಬೆಲ್ ಇದೆ. ಅವರಿಗೆ ನನ್ನ ಒತ್ತಾಯ ಇಷ್ಟೇ. ಇಂಥ ಪೆಟ್ಟಿಗೆಗಳನ್ನು ಚಳ್ಳಕೆರೆಗೆ ತನ್ನಿ. ಇಲ್ಲಿ ಬಿಸಿಲಿದೆ, ಧೂಳಿದೆ, ಪಾತ್ರೆಗೆ ಬಿಳಿ ಪೊರೆ ಕಟ್ಟುವ ಗಡಸು ಬೋರ್‌ವೆಲ್ ನೀರಿದೆ. ಎಂಜಿನಿಯರ್ ಕೈಗೆ ಕೊಟ್ಟು ನೋಡಬೇಡಿ, ನಿದ್ದೆಗೆಟ್ಟ ನರ್ಸಿಂಗ್ ಅಸಿಸ್ಟೆಂಟ್ ಕೈಗೆ ಕೊಡಿ. ಆಮೇಲೆ ಲೇಹ್‌ನಲ್ಲೂ ನೋಡಿ. ಎರಡೂ ಕಡೆ ಗೆದ್ದ ಪೆಟ್ಟಿಗೆ ಮೊದಲು ಗಡಿಗೆ ಹೋಗಲಿ. ಆಮೇಲೆ ಮೊಳಕಾಲ್ಮೂರು, ಜಗಳೂರು ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಒಂದೊಂದು ಕೊಡಿ. ರಾತ್ರಿ ಕರೆಂಟ್ ಹೋದಾಗ ಹೆರಿಗೆಗೆ ಬಂದ ತಾಯಿಗೂ ಅಷ್ಟೇ ಶುದ್ಧವಾದ ಕತ್ತರಿಯ ಭರವಸೆ ಬೇಕು.