ಮಾತು ಬರುವ ಮುಂಚಿನ ಸುಲೋಚನಾ

ಸ್ನೇಹಿತರೇ,

ಮಾರ್ಚ್ 14 ಬಂತೆಂದರೆ ನಾವೆಲ್ಲ ಅರ್ದೇಶಿರ್ ಇರಾನಿಯವರನ್ನು ನೆನೆಯುತ್ತೇವೆ. 1931ರ ಆ ದಿನ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಅವರು ತೆಗೆದ ‘ಆಲಂ ಆರಾ’, ಭಾರತದ ಮೊದಲ ಟಾಕಿ, ಮಾತಾಡಿತು. ರೈಲಿನ ಸದ್ದಿಗೆ ಅಂಜಿ ರಾತ್ರಿಯೆಲ್ಲ ಶೂಟಿಂಗ್ ನಡೆಸಿದ ಕಥೆ ನಿಮಗೆ ಗೊತ್ತು, ಮತ್ತೆ ಹೇಳುವುದಿಲ್ಲ. ನನ್ನ ತಕರಾರು ಬೇರೆ. ಅವರನ್ನು ಬರೀ ಟಾಕಿಯ ಪಿತಾಮಹ ಮಾಡಿ ಕೂರಿಸಿಬಿಟ್ಟಿದ್ದೇವೆ. ಮೂಕಿ ಚಿತ್ರಗಳ ಕಾಲದಲ್ಲಿ, 1926ರಲ್ಲೇ, ಇಂಪೀರಿಯಲ್ ಫಿಲ್ಮ್ ಕಂಪನಿ ಕಟ್ಟಿದ ಮನುಷ್ಯ ಅವರು. ಜನ ಕಥೆಗಿಂತ ಮುಖ ನೋಡಿ ಟಿಕೆಟ್ ಕೊಳ್ಳುತ್ತಾರೆ ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು.

ಆ ಮುಖ ಸುಲೋಚನಾ. ನಮ್ಮ ಕನ್ನಡದ 1934ರ ಚಿತ್ರ ‘ಸತಿ ಸುಲೋಚನಾ’ ಅಂದುಕೊಳ್ಳಬೇಡಿ, ಅದರ ನಾಯಕಿ ತ್ರಿಪುರಾಂಬ. ಇವರು ರೂಬಿ ಮೈಯರ್ಸ್, ಪುಣೆಯಲ್ಲಿ ಹುಟ್ಟಿದ ಯಹೂದಿ ಹುಡುಗಿ. ಕೆಲಸ ಟೆಲಿಫೋನ್ ಆಪರೇಟರ್. ಮೊದಲು ಕೊಹಿನೂರ್ ಚಿತ್ರ ಕಂಪನಿಗೆ ಕರೆತಂದವರು ನಿರ್ದೇಶಕ ಮೋಹನ್ ಭವನಾನಿ, ಆ ಪುಣ್ಯ ಅವರದೇ. ಆದರೆ ಆಕೆಯನ್ನು ಊರೂರಿಗೆ ಮುಟ್ಟಿಸಿದ್ದು ಇಂಪೀರಿಯಲ್.

1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ ಚಿತ್ರವನ್ನೇ ತಗೊಳ್ಳಿ. ಒಬ್ಬಳೇ ನಟಿ, ಎಂಟು ವೇಷ! ಒಮ್ಮೆ ತೋಟದ ಮಾಲಿ, ಒಮ್ಮೆ ಪೊಲೀಸಿನವನು, ಇನ್ನೊಮ್ಮೆ ಹೈದರಾಬಾದಿನ ಸಾಹೇಬ. ಬೀದಿ ಹುಡುಗನೂ ಆಕೆಯೇ, ಹೊಂಗೂದಲಿನ ಯುರೋಪಿಯನ್ ಹೆಂಗಸೂ ಆಕೆಯೇ. ಮಾತಿಲ್ಲ, ಹಾಡಿಲ್ಲ. ಪೇಟ ಬದಲಾದರೆ ನಡಿಗೆಯೂ ಬದಲಾಗಬೇಕು, ಇಲ್ಲದಿದ್ದರೆ ಗಾಂಧಿ ಕ್ಲಾಸಿನವನು ನಂಬುವುದಿಲ್ಲ. ಮುಖಕ್ಕೆ ಟಿಕೆಟ್ ಅಂದೆನಲ್ಲ, ಇಲ್ಲಿ ಒಂದು ಟಿಕೆಟ್ಟಿಗೆ ಎಂಟು ಮುಖ.

ಇನ್ನು ‘ಅನಾರ್ಕಲಿ’, ಮೊಘಲ್ ರಾಜಕುಮಾರ ಸಲೀಮ ಪ್ರೀತಿಸಿದ ಹುಡುಗಿಯ ಕಥೆ. 1928ರಲ್ಲಿ ಬೇರೊಂದು ಕಂಪನಿ ಸೀತಾದೇವಿಯವರನ್ನು ಹಾಕಿಕೊಂಡು ಅದೇ ಕಥೆಯನ್ನು ದೊಡ್ಡದಾಗಿ ತೆಗೆಯುತ್ತಿತ್ತು. ಇಂಪೀರಿಯಲ್‌ನವರು ಸುಮ್ಮನೆ ಕೂರಲಿಲ್ಲ. ಸುಲೋಚನಾರನ್ನು ಅನಾರ್ಕಲಿ ಮಾಡಿ, ಬೇಗ ಬೇಗ ಮುಗಿಸಿ, ಮೊದಲು ಬಿಡುಗಡೆ ಮಾಡಿಯೇಬಿಟ್ಟರು. ಗೆದ್ದೂ ಗೆದ್ದರು. ಮತ್ತೆ ಅದೇ ಮಾತು: ಮುಖ ಕೈಯಲ್ಲಿತ್ತು.

ಆದರೆ ‘ಆಲಂ ಆರಾ’ಗೆ ನಾಯಕಿಯಾದವರು ಜುಬೇದಾ. ಸುಲೋಚನಾರಿಗೆ ಹಿಂದೂಸ್ತಾನಿ ಸರಾಗವಾಗಿ ಬರುತ್ತಿರಲಿಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಫೋನಿನಲ್ಲಿ ದನಿಯಿಂದಲೇ ಅನ್ನ ಸಂಪಾದಿಸಿದ ಹುಡುಗಿ, ದನಿಯಿಲ್ಲದ ಪರದೆಯಲ್ಲಿ ರಾಣಿಯಾದಳು. ಪರದೆಗೆ ದನಿ ಬಂದ ದಿನ ಹೊರಗೆ ನಿಲ್ಲಬೇಕಾಯಿತು! ಆಕೆ ಅಳುತ್ತಾ ಕೂರಲಿಲ್ಲ. ಒಂದು ವರ್ಷ ಕೆಲಸ ಬಿಟ್ಟು ಭಾಷೆ ಕಲಿತರು. ಆಕೆಯ ಹಳೆಯ ಮೂಕಿ ಚಿತ್ರ ‘ಮಾಧುರಿ’ಯೇ 1932ರಲ್ಲಿ ಮಾತಾಡುವ ‘ಮಾಧುರಿ’ಯಾಗಿ ಬಂತು.

ಸಮಯ ಆಗಿದೆ ಅಂತ ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ನಾಯಕನಟ ಬಿಲ್ಲಿಮೋರಿಯಾ ಜೊತೆ ಸುಲೋಚನಾರ ಜೋಡಿಯ ವಿಷಯ, ಇರಾನಿಯವರ ಪರ್ಷಿಯನ್ ಭಾಷೆಯ ಟಾಕಿಯ ವಿಷಯ ಎಲ್ಲ ಉಳಿಯಿತು. ಒಂದೇ ಮಾತು ಹೇಳಿ ಇಳಿಯುತ್ತೇನೆ. ಇಂಪೀರಿಯಲ್‌ನ ಮೂಕಿ ಚಿತ್ರಗಳ ರೀಲುಗಳನ್ನು ನಾವು ಉಳಿಸಿಕೊಳ್ಳಲಿಲ್ಲ. ‘ಆಲಂ ಆರಾ’ ಕೂಡ ಉಳಿಯಲಿಲ್ಲ. ಆದರೆ 1953ರ ‘ಅನಾರ್ಕಲಿ’ ಸಿಗುತ್ತದೆ. ಮನೆಗೆ ಹೋಗಿ ನೋಡಿ. ಬೀನಾ ರಾಯ್ ಅವರನ್ನಲ್ಲ, ಸಲೀಮನ ತಾಯಿ ಜೋಧಾಬಾಯಿಯನ್ನು ನೋಡಿ. ಅದು ಸುಲೋಚನಾ.